ಆಕ್ಲೆಂಡಿನಲ್ಲಿ ಲೋಸಾರ ಮುಖಕ್ಕೆ ಬಣ್ಣ ಹಚ್ಚಿದ್ದು

2018ರ ಏಪ್ರಿಲ್‌ನಲ್ಲಿ ನಾವು ಐದು ಮಂದಿ ಯಕ್ಷಗಾನದವರು ಆಕ್ಲೆಂಡಿನಲ್ಲಿ ಇಳಿದೆವು. ನಮ್ಮೂರಲ್ಲಿ ಸೆಕೆಗೆ ಬೆನ್ನು ಬೇಯುವ ಕಾಲ. ಅಲ್ಲಿ ಚಳಿ ಆಗಷ್ಟೇ ಶುರುವಾಗುತ್ತಿತ್ತು. ಭಾಗವತರು, ಚಂಡೆ, ಮದ್ದಳೆ, ಒಬ್ಬರು ಪುರುಷವೇಷ, ಸ್ತ್ರೀವೇಷಕ್ಕೆ ನಾನು. ಮೂವತ್ತು ವರ್ಷದಿಂದ ಸ್ತ್ರೀವೇಷ ಮಾಡಿಕೊಂಡೇ ಹೊಟ್ಟೆ ಹೊರೆದವನು ನಾನು. ಅಲ್ಲಿಯ ಕನ್ನಡ ಕುಟುಂಬಗಳು ಸೇರಿ ನಮ್ಮನ್ನು ಕರೆಸಿಕೊಂಡಿದ್ದವು. ಭಾನುವಾರ ಸಂಜೆ ಆಟ. ನಾವು ತಲುಪಿದ್ದು ಬುಧವಾರ.

ಆ ದೇಶದವರಿಗೆ ಹೊರಗಿನ ಹುಳಹುಪ್ಪಟೆಗಳೆಂದರೆ ಬಹಳ ಭಯ. ವಿಮಾನ ನಿಲ್ದಾಣದಲ್ಲಿ ಚಂಡೆಯ ಚರ್ಮವನ್ನು ಮೂಸಿ, ತಟ್ಟಿ, ಕೊನೆಗೆ ಬಿಟ್ಟರು. ನನ್ನ ಪೆಟ್ಟಿಗೆ ತೆರೆದಾಗ ಮಾತ್ರ ಅಧಿಕಾರಿಣಿ ಟಾರ್ಚ್ ಹಿಡಿದು ಬಗ್ಗಿದರು. ನನ್ನ ಕಿರೀಟ, ತೋಳುಕಟ್ಟು, ಸೊಂಟದ ಡಾಬು ಎಲ್ಲವೂ ಹಗುರ ಮರದವು. ಮೇಲೆ ಬೇಗಡೆ, ಕನ್ನಡಿ ಚೂರು. ಕಿರೀಟದ ಹಿಂಬದಿಯಲ್ಲಿ ಸೂಜಿಮೊನೆಯಷ್ಟು ತೂತುಗಳಿದ್ದವು. ತಟ್ಟಿದರೆ ಹಿಟ್ಟಿನಂಥ ಪುಡಿ ಉದುರಿತು. ಮರಕೊರಕ ಹುಳ. ಆಕೆ ನನ್ನ ಮುಖ ನೋಡಿ, ‘ಕ್ಷಮಿಸಿ’ ಎಂದರು. ಪೆಟ್ಟಿಗೆಗೆ ಅನಿಲ ಹಾಯಿಸಿ ಹುಳ ಕೊಲ್ಲಬೇಕು, ವಾರ ಬೇಕು, ಆಮೇಲೆ ಕ್ಷೇಮವಾಗಿ ನೀವು ಉಳಿಯುವ ಮನೆಗೇ ಕಳಿಸುತ್ತೇವೆ ಎಂದರು. ತಪ್ಪು ಅವರದ್ದಲ್ಲ. ಹುಳ ಇದ್ದದ್ದು ನಿಜ.

ಭಾಗವತರು ತಲೆ ಕೆರೆದುಕೊಂಡರು. ‘ಹೋಯ್, ಈಗ ಎಂತ ಮಾಡುದು ಮಾರಾಯ? ಬರೀ ಸೀರೆ ಉಟ್ಟು ಬಂದ್ರೆ ರಾಣಿ ಅಂತ ಯಾರು ಹೇಳ್ತಾರೆ?’

ಅದೇ ನನ್ನ ಚಿಂತೆಯೂ ಆಗಿತ್ತು. ಕಾಡಿನಲ್ಲಿ ಗಂಡ ತೊರೆದುಹೋದ ರಾಣಿಯ ಪಾತ್ರ ನನ್ನದು. ಮೊದಲ ಪ್ರವೇಶದಲ್ಲಿ ಆಕೆ ಸಿಂಗರಿಸಿಕೊಂಡು ನಿಂತರೆ ತಾನೇ, ಆಮೇಲೆ ಎಲ್ಲ ಹೋಯಿತೆಂದು ನೋಡುವವರಿಗೆ ಅನ್ನಿಸುವುದು?

ನನಗೆ ಉಳಿಯಲು ಜಾಗ ಕೊಟ್ಟದ್ದು ಮೌಂಟ್ ರಾಸ್ಕಿಲ್‌ನಲ್ಲಿ ರೂಪಾ ಎಂಬವರ ಮನೆ. ಮೈಸೂರಿನ ಹೆಣ್ಣುಮಗಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಅನ್ನ, ಸಾರು, ಬೀನ್ಸ್ ಪಲ್ಯ ಬಡಿಸುತ್ತಾ ನನ್ನ ಕತೆ ಕೇಳಿದಳು.

‘ಅಂಕಲ್, ಮೊದ್ಲು ಊಟ ಮಾಡಿ. ಸೀರೆ ಈ ಬೀದಿಯಲ್ಲೇ ನಾಲ್ಕು ಮನೆಯಿಂದ ತರ್ತೀನಿ. ಕಿರೀಟ ಎಲ್ಲಿಂದ ತರೋದು...’ ಎಂದು ಯೋಚಿಸಿ, ಇದ್ದಕ್ಕಿದ್ದಂತೆ ಸೌಟು ಕೆಳಗಿಟ್ಟಳು. ‘ನಮ್ ಹಾಸ್ಪಿಟಲಲ್ಲಿ ತವಿತಾ ಅಂತ ನರ್ಸ್ ಇದಾನೆ. ಅವನು ಬಾಲ್‌ಗೆ ಹೋಗ್ತಾನೆ. ಅವನನ್ನ ಕೇಳ್ಬೇಕು.’

ತವಿತಾ ಎಂಬುದು ನನ್ನ ಕಿವಿಗೆ ಹುಡುಗಿಯ ಹೆಸರು. ಸಮೋವಾ ದ್ವೀಪದವರಲ್ಲಿ ಅದು ಗಂಡಸಿನ ಹೆಸರಂತೆ. ‘ಬಾಲ್ ಅಂದ್ರೆ, ಕ್ರಿಕೆಟಾ?’ ಎಂದೆ.

ರೂಪಾ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡಳು. ಆಮೇಲೆ ವಿವರಿಸಿದಳು. ಗಂಡು ಹೆಣ್ಣುವೇಷ ತೊಟ್ಟು ರಂಗದ ಮೇಲೆ ಹಾಡಿ ಕುಣಿಯುವುದಕ್ಕೆ ಅಲ್ಲಿ ಡ್ರ್ಯಾಗ್ ಎನ್ನುತ್ತಾರೆ. ಅಂಥವರು ತಂಡ ಕಟ್ಟಿಕೊಂಡು ಒಂದು ಹಾಲಿನಲ್ಲಿ ಸೇರಿ, ಸರದಿಯ ಮೇಲೆ ನಡೆದು, ಕುಣಿದು, ತೀರ್ಪುಗಾರರಿಂದ ಅಂಕ ಪಡೆಯುವುದು ಬಾಲ್. ಅಮೆರಿಕದ ಕರಿಯ ಜನ ಬೆಳೆಸಿದ ಪದ್ಧತಿ. ದಕ್ಷಿಣ ಆಕ್ಲೆಂಡಿನ ದ್ವೀಪದ ಹುಡುಗರು ಕೆಲವು ವರ್ಷಗಳಿಂದ ಅದನ್ನು ತಮ್ಮದಾಗಿಸಿಕೊಂಡಿದ್ದಾರೆ. ಒಂದೊಂದು ತಂಡಕ್ಕೆ ‘ಹೌಸ್’ ಎಂದು ಹೆಸರು, ಅದಕ್ಕೊಬ್ಬ ತಾಯಿ. ತವಿತಾನ ಹೌಸಿನ ತಾಯಿ ಲೋಸಾ ಎಂಬ ಹಿರಿಯರು ಇರುವುದು ಟೌರಂಗಾದಲ್ಲಿ. ಬಾಲ್ ಎಂಬ ಮಾತು ಅಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಆಕ್ಲೆಂಡಿನ ಕ್ಲಬ್ಬುಗಳಲ್ಲಿ ಹೆಣ್ಣುವೇಷದಲ್ಲಿ ಹಾಡಿದವರು.

ತವಿತಾ ಫೋನಿನಲ್ಲಿ ಒಂದೇ ಮಾತು ಹೇಳಿದ: ‘ಅಮ್ಮನ ಗ್ಯಾರೇಜಿನಲ್ಲಿ ಇಲ್ಲದ ಕಿರೀಟ ಈ ದೇಶದಲ್ಲೇ ಇಲ್ಲ. ಹೋಗಿ.’

ಶುಕ್ರವಾರ ರೂಪಾ ರಜೆ ಹಾಕಿ ಕಾರು ತೆಗೆದಳು. ಟೌರಂಗಾಕ್ಕೆ ಇನ್ನೂರು ಕಿಲೋಮೀಟರಿನ ಮೇಲಾಗುತ್ತದೆ. ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಮೊದಲು ಸಿಗುವುದು ಬಾಂಬೆ ಎಂಬ ಗುಡ್ಡ. ಹೆಸರು ನೋಡಿ ಕಿಟಕಿ ಇಳಿಸಿದೆ. ಇದ್ದದ್ದು ಈರುಳ್ಳಿ ಗದ್ದೆ, ಕೆಂಪು ಮಣ್ಣು, ತಣ್ಣನೆ ಗಾಳಿ. ಪೈರೋವಾ ಊರಿನಲ್ಲಿ ರಸ್ತೆ ಬದಿಗೆ ಮನೆಯೆತ್ತರದ ಸೋಡಾ ಬಾಟಲಿ ನಿಲ್ಲಿಸಿದ್ದಾರೆ. ಅದರ ಬುಡದಲ್ಲಿ ಕುಳಿತು ಬಿಸಿ ಆಲೂಗಡ್ಡೆ ಚಿಪ್ಸ್ ತಿಂದೆವು. ಮುಂದೆ ಕಂದರ. ಹೊಳೆಯ ಪಕ್ಕ ರಸ್ತೆ ಹಾವಿನಂತೆ ಹೋಗುತ್ತದೆ. ಮಳೆ ಹನಿಯುತ್ತಿತ್ತು. ಕಟಿಕಟಿ ದಾಟಿದ ಮೇಲೆ ಎರಡೂ ಕಡೆ ಎತ್ತರದ ಹಸಿರು ಬೇಲಿ, ಅದರೊಳಗೆ ಕಿವಿಹಣ್ಣಿನ ತೋಟ. ಕೊಯ್ಲಿನ ಕಾಲ. ಹಣ್ಣಿನ ಪೆಟ್ಟಿಗೆ ಹೇರಿದ ಲಾರಿಗಳ ಹಿಂದೆ ನಾವು ತೆವಳಿದೆವು.

ಲೋಸಾ ಬಾಗಿಲಲ್ಲೇ ನಿಂತಿದ್ದರು. ಎಪ್ಪತ್ತು ದಾಟಿದ ಎತ್ತರದ ಜೀವ, ಅಗಲ ಭುಜ, ಹೂವಿನ ಉದ್ದ ಅಂಗಿ, ಬಿಳಿ ತುರುಬಿಗೆ ಬಾಚಣಿಗೆ, ಕೈಯಲ್ಲಿ ಊರುಗೋಲು. ಸೊಂಟದ ಆಪರೇಷನ್ ಆಗಿ ಒಂದು ವರ್ಷವಾಗಿತ್ತು. ಅವರ ಇಂಗ್ಲಿಷ್ ನನಗೆ ಅರ್ಧ ತಿಳಿಯುತ್ತಿತ್ತು, ಉಳಿದದ್ದನ್ನು ರೂಪಾ ಹೇಳುತ್ತಿದ್ದಳು. ಇಲ್ಲಿ ಅವರ ಮಾತನ್ನು ನನ್ನ ಕನ್ನಡದಲ್ಲೇ ಬರೆಯುತ್ತೇನೆ.

‘ರಾಣಿ ಯಾರು?’ ಎಂದು ಕೇಳಿದರು.

ನಾನು ಕೈ ಎತ್ತಿದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನ್ನ ಬೋಳಾಗುತ್ತಿರುವ ತಲೆಯ ಹತ್ತಿರ ಕಣ್ಣು ನಿಲ್ಲಿಸಿ, ‘ಆಗುತ್ತದೆ’ ಎಂದರು.

ಗ್ಯಾರೇಜಿನಲ್ಲಿ ಕಾರಿಗೆ ಜಾಗವಿರಲಿಲ್ಲ. ಗೋಡೆಯಿಂದ ಗೋಡೆಗೆ ಸರಿಗೆ ಕಟ್ಟಿ ಉಡುಪು ತೂಗುಹಾಕಿದ್ದರು. ಕಪಾಟಿನಲ್ಲಿ ಚಿಪ್ಪಿನ ಸರ, ಗರಿಯ ಮಕುಟ, ಮಣಿಯ ಪಟ್ಟಿ. ನಾನು ಫೋನಿನಲ್ಲಿ ನನ್ನ ವೇಷದ ಚಿತ್ರ ತೋರಿಸಿದೆ. ಅವರು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ‘ಸೊಂಟಕ್ಕೆ ಭಾರ ಬೇಕು. ಕೊರಳಿಗೆ ಹೊಳಪು ಬೇಕು. ತಲೆಗೆ ಎತ್ತರ ಬೇಕು. ಉಳಿದದ್ದು ನೀನೇ ಮಾಡುವಿ’ ಎಂದು ಒಂದೊಂದೇ ಇಳಿಸತೊಡಗಿದರು. ಸಂಜೆಯವರೆಗೂ ಅದೇ ಕೆಲಸ. ಹಿತ್ತಾಳೆಯಂತೆ ಹೊಳೆಯುವ ಹಳೆಯ ಪಟ್ಟಿಯೊಂದು ನನ್ನ ಡಾಬು ಆಯಿತು. ಕಿರೀಟಕ್ಕೆ ಗರಿ ತೆಗೆದು ಮಣಿ ಹೊಲಿಯಬೇಕಿತ್ತು. ಹೊಲಿಗೆಯನ್ನೆಲ್ಲ ರೂಪಾಳ ಕೈಯಲ್ಲಿ, ನನ್ನ ಕೈಯಲ್ಲಿ ಮಾಡಿಸಿದರು. ತಾವು ಕುರ್ಚಿಯಲ್ಲಿ ಕುಳಿತು ಹೇಳುತ್ತಿದ್ದರು. ಸೊಂಟ ನೋವಿರಬೇಕೆಂದು ನಾನು ತಿಳಿದೆ.

ಊಟಕ್ಕೆ ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಸುತ್ತಿ ಬೇಯಿಸಿದ್ದರು. ಮೊದಲ ತುತ್ತಿಗೇ, ‘ಇದು ನಮ್ಮ ಪತ್ರೊಡೆಯ ತಂಗಿ’ ಎಂದೆ. ರೂಪಾ ಅದನ್ನು ಹೇಳಿದಾಗ ಲೋಸಾ ಇನ್ನೊಂದು ಬಡಿಸಿದರು. ಊಟದ ನಡುವೆ ತಮ್ಮ ಕತೆ ಹೇಳಿದರು. ಹುಟ್ಟಿದ್ದು ಗಂಡಾಗಿ. ಸಮೋವಾದಲ್ಲಿ ಹೆಣ್ಣಿನ ರೀತಿಯಲ್ಲಿ ಬಾಳುವ ಅಂಥವರಿಗೆ ಫಾಆಫಾಫಿನೆ ಎಂಬ ಹೆಸರುಂಟು, ಮನೆಯಲ್ಲಿ ಜಾಗವೂ ಉಂಟು. ಚಿಕ್ಕವರಿದ್ದಾಗ ಆಕ್ಲೆಂಡಿಗೆ ಬಂದ ಮೇಲೆ ಆ ಜಾಗ ಹೋಯಿತು. ಕ್ಲಬ್ಬಿನಲ್ಲಿ ಹಾಡಲು ಶುರುಮಾಡಿದಾಗ ತಂದೆ ಬಟ್ಟೆಗಂಟು ಹೊರಗಿಟ್ಟರು. ತಾಯಿ ಮಾತ್ರ ಭಾನುವಾರ ಚರ್ಚಿನಿಂದ ನೇರ ಬಂದು ಊಟ ಕೊಟ್ಟು ಹೋಗುತ್ತಿದ್ದರು. ಹಾದಿಯಲ್ಲಿ ಪೊಲೀಸರು ನಿಲ್ಲಿಸಿ ಅಂಗಿಯೊಳಗೆ ಏನಿದೆ ಎಂದು ಕೇಳುತ್ತಿದ್ದರು. ‘ಹಾಡು ಇದೆ ಅನ್ನುತ್ತಿದ್ದೆ’ ಎಂದು ನಕ್ಕರು. ಕ್ಲಬ್ಬು ಮುಚ್ಚಿದ ಮೇಲೆ ಟೌರಂಗಾಕ್ಕೆ ಬಂದು ಕಿವಿಹಣ್ಣು ಆರಿಸುವ ಶೆಡ್ಡಿನಲ್ಲಿ ಬಹಳ ವರ್ಷ ದುಡಿದರು. ಕೊಯ್ಲಿನ ಕೆಲಸಕ್ಕೆ ಬರುವ ಹುಡುಗರಲ್ಲಿ ಮನೆಯಿಂದ ಹೊರಬಿದ್ದವರನ್ನು ಕರೆತಂದು ಉಣ್ಣಿಸಿ ಮಲಗಿಸುತ್ತಿದ್ದರು. ಹೌಸ್ ಹುಟ್ಟಿದ್ದು ಹಾಗೆ. ಬಾಲ್ ಎಂದು ಹುಡುಗರು ಕುಣಿಯತೊಡಗಿದಾಗ ಹೆಸರು ಬೇಕಾಯಿತು. ಅವರು ಲೋಸಾರ ಹೆಸರನ್ನೇ ಇಟ್ಟರು.

‘ನೀನು ಮನೆಗೆ ಹೇಗೆ ಹೋಗುತ್ತಿ?’ ಎಂದು ನನ್ನನ್ನು ಕೇಳಿದರು.

‘ಬೆಳಿಗ್ಗೆ ಬಣ್ಣ ತೆಗೆದು, ಲುಂಗಿ ಉಟ್ಟು, ಬಸ್ಸಿನಲ್ಲಿ. ಹೆಂಡತಿ ಇದ್ದಾಳೆ, ಇಬ್ಬರು ಮಕ್ಕಳಿದ್ದಾರೆ.’

‘ನನ್ನದು ತೆಗೆದಿಡುವಂಥದ್ದಲ್ಲ’ ಎಂದರು. ಅದರಲ್ಲಿ ದೂರು ಇರಲಿಲ್ಲ. ನಮ್ಮಿಬ್ಬರದೂ ಒಂದೇ ಎಂದು ದಾರಿಯುದ್ದಕ್ಕೂ ನಾನು ಅಂದುಕೊಂಡು ಬಂದಿದ್ದೆ. ಒಂದೇ ಅಲ್ಲ ಎಂದು ಅಲ್ಲಿ ತಿಳಿಯಿತು. ನಾನು ಬೈಗುಳ ತಿಂದದ್ದು ವೇಷಕ್ಕೆ, ಅದೂ ಅಪರೂಪಕ್ಕೆ. ಅವರು ತಿಂದದ್ದು ಬದುಕಿಗೆ.

ಮರುದಿನ ಹೊರಡುವಾಗ ಅವರೂ ಚೀಲ ಹಿಡಿದು ಕಾರು ಹತ್ತಿದರು. ‘ನನ್ನ ಡಾಬು ನಿನ್ನ ಸೊಂಟದಲ್ಲಿ ಕುಣಿಯುವುದನ್ನು ನೋಡಬೇಕು. ತವಿತಾನ ಮನೆಯಲ್ಲಿ ಒಂದು ವಾರ ಇರುತ್ತೇನೆ.’ ಮುಂದಿನ ಶನಿವಾರ ಬಾಲ್ ಇತ್ತು. ಅದನ್ನು ಅವರೇ ನಡೆದು ಆರಂಭಿಸಬೇಕೆಂದು ಹುಡುಗರ ಆಸೆ. ದಾರಿಯಲ್ಲಿ ರೂಪಾ ಆ ಮಾತೆತ್ತಿದಾಗ, ‘ನಾನು ಕುಳಿತು ನೋಡುತ್ತೇನೆ, ಸಾಕು. ಸೊಂಟ ಸರಿಯಿಲ್ಲ’ ಎಂದು ಕಿಟಕಿಯ ಕಡೆ ತಿರುಗಿಬಿಟ್ಟರು.

ಭಾನುವಾರ ಶಾಲೆಯೊಂದರ ಹಾಲಿನಲ್ಲಿ ನಮ್ಮ ಆಟ. ತರಗತಿ ಕೋಣೆಯೇ ಚೌಕಿ. ನಾನು ನೆಲದಲ್ಲಿ ಕುಳಿತು ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿದ್ದೆ; ಬಣ್ಣದ ಡಬ್ಬಿಗಳು ಕೈಚೀಲದಲ್ಲಿದ್ದುದರಿಂದ ಉಳಿದಿದ್ದವು. ಲೋಸಾ ಪಕ್ಕದ ಪುಟ್ಟ ಬೆಂಚಿನಲ್ಲಿ ಕುಳಿತು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಎಲ್ಲ ಮುಗಿದು ಹಣೆಯ ಬೊಟ್ಟೊಂದು ಬಾಕಿ ಇತ್ತು. ಹಿರಿಯರ ಕೈಯಲ್ಲಿ ಇಡಿಸಿಕೊಳ್ಳೋಣವೆಂದು ಕಡ್ಡಿಗೆ ಕೆಂಪು ಅದ್ದಿ ಅವರ ಕೈಗೆ ಕೊಟ್ಟೆ.

ಅವರು ತೆಗೆದುಕೊಂಡು ಮುಂದೆ ಬಾಗಿದರು. ಕಡ್ಡಿ ನನ್ನ ಹಣೆಯ ಹತ್ತಿರ ಬಂದು ನಿಂತಿತು. ಕೈ ನಡುಗುತ್ತಿತ್ತು. ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡರು. ಆದರೂ ನಡುಕ ನಿಲ್ಲಲಿಲ್ಲ. ಕಡ್ಡಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.

ಗ್ಯಾರೇಜಿನಲ್ಲಿ ಸೂಜಿ ಮುಟ್ಟದಿದ್ದದ್ದು ಯಾಕೆಂದು ಆಗ ಅರ್ಥವಾಯಿತು. ‘ಸೊಂಟ ಅಲ್ಲ?’ ಎಂದೆ.

‘ಸೊಂಟ ಗಟ್ಟಿ ಇದೆ’ ಎಂದರು ಮೆಲ್ಲಗೆ. ‘ಬಣ್ಣ ಇಲ್ಲದ ಮುಖದಲ್ಲಿ ನಾನು ಒಮ್ಮೆಯೂ ರಂಗಕ್ಕೆ ಹೋದವಳಲ್ಲ. ನನ್ನ ಮುಖ ನಾನೇ ಬರೆದುಕೊಂಡವಳು. ಮಕ್ಕಳಿಗೆ ಹೇಳಬೇಡ. ಅವರು ಗಡಿಬಿಡಿ ಮಾಡುತ್ತಾರೆ, ನಾಲ್ಕು ಜನ ನಾಲ್ಕು ಬ್ರಷ್ ಹಿಡಿದು ಬರುತ್ತಾರೆ.’

‘ನಮ್ಮ ಮೇಳದಲ್ಲಿ ವಯಸ್ಸಾದ ಕಲಾವಿದರಿಗೆ ಕಿರಿಯರು ಬಣ್ಣ ಹಾಕಿಕೊಡುತ್ತಾರೆ. ಶನಿವಾರ ನಾನು ಬರುತ್ತೇನೆ. ಒಂದೇ ಬ್ರಷ್.’

ಹೊರಗೆ ಚಂಡೆ ಶುರುವಾಗಿತ್ತು. ‘ಹೋಗು, ನಿನ್ನ ಗಂಡ ಕಾಯುತ್ತಿದ್ದಾನೆ’ ಎಂದು ನನ್ನ ಬೆನ್ನು ತಟ್ಟಿದರು.

ಆ ದಿನದ ಆಟವನ್ನು ನಾನೇ ಹೊಗಳಿಕೊಳ್ಳುವುದು ಸರಿಯಲ್ಲ. ಪ್ರವೇಶದಲ್ಲಿ ಆ ಡಾಬಿನ ಮಣಿಗಳು ನನ್ನ ಗೆಜ್ಜೆಗೆ ಜೊತೆ ಕೊಟ್ಟವು. ಕಾಡಿನ ದೃಶ್ಯದಲ್ಲಿ ಒಂದೊಂದೇ ಆಭರಣ ಬಿಚ್ಚಿಡುವಾಗ ಕೆಲವರು ಕಣ್ಣೊರೆಸಿಕೊಂಡರು. ಆಟ ಮುಗಿದ ಮೇಲೆ ಕನ್ನಡದ ಹೆಂಗಸರೆಲ್ಲ ಲೋಸಾರನ್ನು ಸುತ್ತುವರಿದಿದ್ದರು. ‘ಆಂಟಿ, ಕೇಸರಿಬಾತ್ ತಗೊಳ್ಳಿ, ಆಂಟಿ, ಇನ್ನೊಂಚೂರು’ ಎಂದು ಒಬ್ಬೊಬ್ಬರೂ ಬಡಿಸುವವರೇ. ಒಬ್ಬ ಹಿರಿಯರು ಮಾತ್ರ ದೂರದಿಂದ ರೂಪಾಳನ್ನು, ‘ಅವರು ಗಂಡಸೋ ಹೆಂಗಸೋ?’ ಎಂದು ಕೇಳಿದರು. ರೂಪಾ, ‘ಅಂಕಲ್, ಈಗ ತಾನೇ ಎರಡು ಗಂಟೆ ಹೆಂಗಸಿನ ಪಾರ್ಟ್ ನೋಡಿ ಕಣ್ಣೊರಸ್ಕೊಂಡ್ರಲ್ಲ, ಆಗ ಕೇಳಿದ್ರಾ?’ ಎಂದಳು. ಅವರಿಗೇ ನಗು ಬಂತು. ಹೋಗಿ ಲೋಸಾರಿಗೆ ಕೈ ಮುಗಿದರು.

ಮಂಗಳವಾರ ನನ್ನ ಪೆಟ್ಟಿಗೆ ಬಂತು. ಮದ್ದಿನ ವಾಸನೆ ಬಿಟ್ಟರೆ ಒಂದು ಕನ್ನಡಿ ಚೂರೂ ಕದಲಿರಲಿಲ್ಲ. ಶುಕ್ರವಾರ ಲೋಸಾ ಫೋನು ಮಾಡಿದರು. ಹೆಚ್ಚು ಮಾತಿಲ್ಲ. ‘ಒಂದೇ ಬ್ರಷ್ ಅಂದಿದ್ದೆಯಲ್ಲ?’

ಶನಿವಾರ ರೂಪಾಳಿಗೆ ಡ್ಯೂಟಿ. ಅವಳು ಕೊಟ್ಟ ಕಾರ್ಡು ಹಿಡಿದು ನಾನೊಬ್ಬನೇ ಬಸ್ಸು ಹತ್ತಿದೆ. ಹತ್ತುವಾಗಲೂ ಇಳಿಯುವಾಗಲೂ ಯಂತ್ರಕ್ಕೆ ಕಾರ್ಡು ಮುಟ್ಟಿಸಬೇಕು. ಇಳಿಯುವವರೆಲ್ಲ ಡ್ರೈವರಿಗೆ ಥ್ಯಾಂಕ್ಯೂ ಹೇಳುತ್ತಾರೆ. ನಾನೂ ಹೇಳಿದೆ. ಒಂದು ಕಡೆ ತಪ್ಪಾಗಿ ಇಳಿದು, ಮೂಲೆಯ ಡೈರಿಯಲ್ಲಿ (ಅಲ್ಲಿ ಡೈರಿ ಎಂದರೆ ಗೂಡಂಗಡಿ) ದಾರಿ ಕೇಳಿದೆ. ಅಂಗಡಿಯಾತ ಗುಜರಾತಿ. ನನ್ನ ಕೈಯ ಬಣ್ಣದ ಪೆಟ್ಟಿಗೆ ನೋಡಿ ಪೇಂಟರ್ ಎಂದುಕೊಂಡ. ಹೌದು ಎಂದೆ.

ತವಿತಾನ ಮನೆಯಲ್ಲಿ ಹುಡುಗರು ಹೊಲಿಗೆ, ಇಸ್ತ್ರಿ ಎಂದು ಓಡಾಡುತ್ತಿದ್ದರು. ಲೋಸಾ ಎಲ್ಲರ ಎದುರು, ‘ಇವತ್ತು ನನಗೆ ಬಣ್ಣ ಹಾಕುವುದು ಈತ. ನನ್ನ ಕೈ ನಡುಗುತ್ತದೆ’ ಎಂದುಬಿಟ್ಟರು. ತವಿತಾ ನಿಂತಲ್ಲೇ ನಿಂತ. ಗಟ್ಟಿಮುಟ್ಟಾದ ಆಳು, ದಿನವೂ ರೋಗಿಗಳನ್ನು ಎತ್ತಿ ಕೂರಿಸುವವನು. ‘ನಮಗೆ ಯಾಕೆ ಹೇಳಲಿಲ್ಲ ಅಮ್ಮ?’ ಎಂದು ಅವರ ಕೈ ಹಿಡಿದುಕೊಂಡ. ಅವರು, ‘ಈಗ ಹೇಳಿದೆನಲ್ಲ. ಚಹಾ ತಾ’ ಎಂದರು.

ಬಾಗಿಲು ಹಾಕಿ ನಾವಿಬ್ಬರೇ ಕುಳಿತೆವು. ಅವರು ತಮ್ಮ ಹರೆಯದ ಫೋಟೊ ಒಂದನ್ನು ಎದುರಿಗಿಟ್ಟರು. ಏನು ಚಂದ! ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ: ‘ಈ ಮುಖ ನನಗೆ ಬರುವುದಿಲ್ಲ. ಇವತ್ತಿನ ಮುಖಕ್ಕೆ ಬಣ್ಣ ಹಾಕುತ್ತೇನೆ.’ ಅವರು ಫೋಟೊ ನೋಡಿದರು, ಕನ್ನಡಿ ನೋಡಿದರು, ಕಣ್ಣು ಮುಚ್ಚಿ ಮುಖ ಒಡ್ಡಿದರು. ಮೂವತ್ತು ವರ್ಷದಲ್ಲಿ ನಾನು ಎಷ್ಟೋ ಮುಖಕ್ಕೆ ಬಣ್ಣ ಹಾಕಿದ್ದೇನೆ. ಅಷ್ಟು ಸುಕ್ಕಿರುವ ಮುಖ, ಅಷ್ಟು ನಂಬಿ ಕೈಗೆ ಕೊಟ್ಟ ಮುಖ ಬೇರೊಂದಿಲ್ಲ. ಸುಕ್ಕನ್ನು ಮುಚ್ಚಲು ಹೋಗಲಿಲ್ಲ. ಹುಬ್ಬು ನಮ್ಮ ರಾಣಿಯರದು, ತುಟಿ ಅವರು ಹೇಳಿದ ಬಣ್ಣ. ಕಾಡಿಗೆಯ ಗೆರೆ ಎಳೆಯುವಾಗ ಕಣ್ಣಿನ ಕೊನೆಯಲ್ಲಿ ನೀರು ಕೂಡಿತು. ‘ಅಳಬೇಡಿ, ಹರಡುತ್ತದೆ’ ಎಂದೆ. ‘ನಾನು ಅಳುತ್ತಿಲ್ಲ, ನಿನ್ನ ಕಾಡಿಗೆ ಖಾರ’ ಎಂದರು.

ಬಾಲ್ ನಡೆದದ್ದು ಸಮುದಾಯ ಭವನವೊಂದರಲ್ಲಿ, ಬಿಸಿಲಿರುವಾಗಲೇ. ನಡುವೆ ಉದ್ದದ ಹಾದಿ, ಎರಡೂ ಕಡೆ ಜನ. ಮುಂದಿನ ಸಾಲಿನಲ್ಲಿ ಹೂವಿನ ಅಂಗಿಯ ಅಜ್ಜಿಯರು ಬೀಸಣಿಗೆ ಹಿಡಿದು ಕೂತಿದ್ದರು. ಅವರಲ್ಲಿ ಎಷ್ಟೋ ಮಂದಿ ಮೊದಲು ಮೊಮ್ಮಕ್ಕಳ ಮೇಲೆ ಮುನಿಸಿಕೊಂಡವರೇ ಎಂದು ತವಿತಾ ಹೇಳಿದ. ಮೊದಲ ಬಾಲ್‌ಗೆ ಬಂದವರು ಒಂದು ಕೋಣೆ ತುಂಬುವಷ್ಟು ಮಾತ್ರವಂತೆ. ಈಗ ಬಾಗಿಲ ಹೊರಗೂ ಜನ ನಿಂತಿದ್ದರು.

ಲೋಸಾ ಊರುಗೋಲಿನೊಂದಿಗೆ ಹಾದಿಯ ತುದಿಗೆ ಬಂದರು. ಬಿಳಿ ಉಡುಪು, ಕೊರಳಲ್ಲಿ ಚಿಪ್ಪಿನ ಸರ. ತಲೆಯ ಮೇಲೆ ನಾನು ಭಾನುವಾರ ತೊಟ್ಟಿದ್ದ ಅದೇ ಮಕುಟ. ಸಂಗೀತ ನಿಲ್ಲಿಸಲು ಕೈಸನ್ನೆ ಮಾಡಿ, ಸದ್ದಿಲ್ಲದ ಹಾಲಿನಲ್ಲಿ ನಡೆದರು. ಅವಸರವಿಲ್ಲ. ನಾಲ್ಕು ಹೆಜ್ಜೆಗೊಮ್ಮೆ ನಿಂತು, ಒಂದು ಭುಜ ತಿರುಗಿಸಿ, ಎದುರಿಗಿದ್ದವರ ಮುಖ ನೋಡುತ್ತಿದ್ದರು. ನಮ್ಮಲ್ಲಿ ಹಳೆಯ ಕಲಾವಿದರು ಕುಣಿಯದೆ ಬರೀ ನಿಂತು ರಂಗ ತುಂಬುತ್ತಾರಲ್ಲ, ಹಾಗೆ. ಅರ್ಧ ದಾರಿಗೆ ಬಂದಾಗ ಹುಡುಗರು ನೆಲಕ್ಕೆ ಕಾಲು ಬಡಿಯತೊಡಗಿದರು. ಅಜ್ಜಿಯರು ಎದ್ದು ನಿಂತರು. ತೀರ್ಪುಗಾರರು ಹತ್ತು ಎಂದು ಬರೆದ ಹಲಗೆ ಎತ್ತಿ ಹಿಡಿದು, ತಾವೂ ಎದ್ದರು. ಆ ಮೇಲೆ ಮಕ್ಕಳು ಇಳಿದರು. ಗಾಳಿಯಲ್ಲಿ ಕೈ ನೇಯುತ್ತಾ, ಮಂಡಿ ಮಡಚಿ ತಿರುಗುತ್ತಾ, ಕೊನೆಗೆ ಧೊಪ್ಪನೆ ಬೆನ್ನ ಮೇಲೆ ಬೀಳುತ್ತಿದ್ದರು. ಗಿರಕಿ ಹೊಡೆದು ಕುಣಿಯುವ ನಮ್ಮ ಪುಂಡುವೇಷದವರು ನೋಡಬೇಕಿತ್ತು.

ನಡುವೆ ಲೋಸಾ ಮೈಕು ತೆಗೆದುಕೊಂಡು, ‘ಈ ಮುಖ ಬರೆದವನು ಅಲ್ಲಿದ್ದಾನೆ’ ಎಂದು ನನ್ನನ್ನು ತೋರಿಸಿದರು. ತಳ್ಳಿ ತಳ್ಳಿ ನನ್ನನ್ನು ಹಾದಿಗೆ ಇಳಿಸಿದರು. ಪ್ಯಾಂಟು, ಸ್ವೆಟರಿನಲ್ಲಿದ್ದೆ. ಘೋಷಣೆ ಮಾಡುವವನು, ‘ನಿಮ್ಮದು ಯಾವ ಹೌಸ್?’ ಎಂದು ಕೇಳಿದ. ಮನೆ ಎಲ್ಲಿ ಎಂದು ಕೇಳಿದನೆಂದುಕೊಂಡು, ‘ಹಾಲಾಡಿ’ ಎಂದೆ. ಕುಂದಾಪುರದ ಬದಿಯ ನನ್ನ ಊರು. ಆತ ಅದನ್ನೇ ಕೂಗಿದ. ಇಡೀ ಸಭೆ ‘ಹಾಲಾಡಿ! ಹಾಲಾಡಿ!’ ಎಂದು ಕಾಲು ಬಡಿಯಿತು. ಆ ತಾಳಕ್ಕೆ ನಿಲ್ಲಲಾಗಲಿಲ್ಲ. ಸೆರಗಿಲ್ಲದಿದ್ದರೂ ಸೆರಗು ಹಿಡಿದುಕೊಂಡು, ರಾಣಿಯ ಪ್ರವೇಶದ ಕುಣಿತ ಕುಣಿದೆ. ಬಣ್ಣವಿಲ್ಲದ ಮುಖದಲ್ಲಿ, ಗಂಡಸಿನ ಬಟ್ಟೆಯಲ್ಲಿ ಜನರ ಎದುರು ಹಾಗೆ ಕುಣಿದದ್ದು ನನ್ನ ಜೀವನದಲ್ಲಿ ಅದೊಂದೇ ಸಲ. ನಾಚಿಕೆ ಆಗಲಿಲ್ಲ.

ಸೋಮವಾರ ನಮ್ಮ ವಿಮಾನ. ಲೋಸಾ, ತವಿತಾ ನಿಲ್ದಾಣಕ್ಕೆ ಬಂದಿದ್ದರು. ಅವರ ಪದ್ಧತಿಯಂತೆ ಬಣ್ಣದ ಕಾಗದದ ಮಿಠಾಯಿಗಳನ್ನು ಪೋಣಿಸಿದ ಹಾರ ನಮ್ಮೈವರಿಗೂ ಹಾಕಿದರು. ಭಾಗವತರು ಅಲ್ಲೇ ಒಂದು ಮಿಠಾಯಿ ಬಿಚ್ಚಿ ಬಾಯಿಗೆ ಹಾಕಿಕೊಂಡರು. ನಾನು ಬಾಗಿ ಲೋಸಾರ ಕಾಲು ಮುಟ್ಟಿದೆ. ಏನೋ ಬಿದ್ದುಹೋಯಿತೆಂದು ಅವರು ನೆಲ ನೋಡಿದರು. ರೂಪಾ ಅರ್ಥ ಹೇಳಿದಳು. ಅವರು ನನ್ನ ಕೆನ್ನೆಗೆ ತಮ್ಮ ಕೆನ್ನೆ ಒತ್ತಿ, ‘ಇಷ್ಟು ವರ್ಷದಲ್ಲಿ ನನ್ನ ಕಾಲಿಗೆ ಬಿದ್ದವನು ನೀನೊಬ್ಬನೇ. ಅದೂ ಕುಡಿಯದೆ’ ಎಂದರು.

ತಪಾಸಣೆಯ ಸಾಲಿನಲ್ಲಿ ನಿಂತು ತಿರುಗಿ ನೋಡಿದೆ. ಗಾಜಿನ ಆಚೆ ಅವರು ಮನೆಯ ಅಂಗಿಯಲ್ಲಿ, ಬಣ್ಣವಿಲ್ಲದ ಮುಖದಲ್ಲಿ ನಿಂತಿದ್ದರು. ಹಾದುಹೋಗುವವರಲ್ಲಿ ಕೆಲವರು ತಿರುಗಿ ಅವರನ್ನೇ ನೋಡುತ್ತಿದ್ದರು. ಅವರು ನಡುಗುವ ಬಲಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ, ನಾನು ಮರೆಯಾಗುವವರೆಗೂ ಬೀಸುತ್ತಲೇ ಇದ್ದರು.